ಶಸ್ತ್ರಚಿಕಿತ್ಸೆಗೆ ಮುನ್ನ ಉಪವಾಸ ಮತ್ತು ವ್ರತ

ಶಸ್ತ್ರಚಿಕಿತ್ಸೆಯ ದಿನ ಗೊತ್ತಾದ ಮೇಲೆ ಆಸ್ತಿಕರ ಮನೆಗಳಲ್ಲಿ ಹರಕೆ ಹೆಚ್ಚುತ್ತದೆ, ಊಟ ಕಡಿಮೆಯಾಗುತ್ತದೆ. ಜಯನಗರ 5ನೇ ಬ್ಲಾಕಿನ ರಾಯರ ಮಠಕ್ಕೆ ನಡೆದುಕೊಳ್ಳುವ ಹಿರಿಯರಲ್ಲಿ ಏಕಾದಶಿಯಂದು ನೀರನ್ನೂ ಮುಟ್ಟದವರಿದ್ದಾರೆ. ಕತ್ತಿಯ ಕೆಳಗೆ ಹೋಗಲಿರುವ ದೇಹವನ್ನು ಆ ದಿನಗಳಲ್ಲಿ ದಂಡಿಸುವುದು ಧರ್ಮವೋ, ಪೋಷಿಸುವುದು ಧರ್ಮವೋ?

ಪ್ರಶ್ನೆ ಹಳೆಯದು. ಸುಶ್ರುತ ಸಂಹಿತೆ ಶಸ್ತ್ರಕರ್ಮಕ್ಕೆ ಮುಂಚಿನ ಸಿದ್ಧತೆಯನ್ನು ಪೂರ್ವಕರ್ಮ ಎಂದು ಕರೆದು, ಒಳ್ಳೆಯ ತಿಥಿ, ನಕ್ಷತ್ರ, ಅಗ್ನಿಪೂಜೆ, ಸ್ವಸ್ತಿವಾಚನಗಳನ್ನು ಹೇಳುತ್ತದೆ. ಅದೇ ಉಸಿರಿನಲ್ಲಿ ರೋಗಿಗೆ ಹಗುರವಾದ ಊಟ ಕೊಡಬೇಕೆಂದೂ ಹೇಳುತ್ತದೆ. ಹೊಟ್ಟೆಯಲ್ಲಿ ಅನ್ನವಿದ್ದರೆ ರೋಗಿ ಮೂರ್ಛೆ ಹೋಗುವುದಿಲ್ಲ ಎಂಬುದು ಅದು ಕೊಡುವ ಕಾರಣ. ಉದರ, ಮೂಲವ್ಯಾಧಿ, ಮೂತ್ರಾಶಯದ ಕಲ್ಲು, ಬಾಯಿಯ ರೋಗ ಮುಂತಾದ ಕೆಲವಕ್ಕೆ ಮಾತ್ರ ಖಾಲಿ ಹೊಟ್ಟೆ. ಅಲ್ಲಿ ಪೂಜೆಯೂ ಊಟವೂ ಒಂದಕ್ಕೊಂದು ಅಡ್ಡ ಬರುವುದಿಲ್ಲ.

ಇಂದಿನ ಆಸ್ಪತ್ರೆಯೂ ಉಪವಾಸ ಹೇಳುತ್ತದೆ, ಆದರೆ ಅದರ ಉದ್ದೇಶ ಬೇರೆ. ಅರಿವಳಿಕೆಯಲ್ಲಿ ಕೆಮ್ಮುವ ಶಕ್ತಿ ಅಡಗುವುದರಿಂದ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಅದಕ್ಕಾಗಿ ಸಾಮಾನ್ಯವಾಗಿ ಹಗುರ ಊಟ 6 ಗಂಟೆ ಮೊದಲೇ ಮುಗಿಯಬೇಕು. ಬರೀ ನೀರನ್ನು ಬಹುಮಂದಿ 2 ಗಂಟೆ ಮೊದಲಿನವರೆಗೂ ಕುಡಿಯಬಹುದು. ಇಷ್ಟು ಗಂಟೆಗಳ ನಿಯಮವನ್ನು ದಿನಗಟ್ಟಲೆ ಎಳೆದರೆ ಪುಣ್ಯ ಹೆಚ್ಚದು, ಸ್ನಾಯು ಕರಗುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸದೆ ನಿರ್ಜಲ ಉಪವಾಸ ಹಿಡಿದರೆ ಸಕ್ಕರೆ ಕುಸಿದು ಪ್ರಾಣಕ್ಕೇ ಸಂಚಕಾರ.

ಶಾಸ್ತ್ರವೂ ಇಷ್ಟು ಕಠಿಣವಾಗಿಲ್ಲ. ನೀರು, ಗೆಡ್ಡೆಗೆಣಸು, ಹಣ್ಣು, ಹಾಲು, ಔಷಧ ಇವುಗಳಿಂದ ವ್ರತ ಕೆಡದೆಂದು ಮಹಾಭಾರತದ ಉದ್ಯೋಗಪರ್ವ ಹೇಳುತ್ತದೆ. ಅತಿಯಾಗಿ ತಿನ್ನುವವನಿಗೂ ಏನೂ ತಿನ್ನದವನಿಗೂ ಯೋಗ ಒಲಿಯದೆಂಬುದು ಗೀತೆಯ ಆರನೇ ಅಧ್ಯಾಯದ ಮಾತು. ರಂಜಾನಿನಲ್ಲಿ ಕಾಯಿಲೆಯವರು ಉಪವಾಸ ಬಿಟ್ಟು ಬೇರೆ ದಿನಗಳಲ್ಲಿ ತೀರಿಸಲು ಕುರ್‌ಆನ್ ಅನುಮತಿ ಕೊಟ್ಟಿದೆ. ಹೀಗಿರುವಾಗ ರೋಗಿಯ ತಟ್ಟೆಯಿಂದ ಮೊಸರು, ಬೇಳೆ, ಕಾಳುಗಳನ್ನು ತೆಗೆದು ಅದನ್ನು ಭಕ್ತಿ ಎನ್ನುವುದಕ್ಕೆ ಈ ಗ್ರಂಥಗಳ ಒತ್ತಾಸೆ ಸಿಗದು.

ಸಂಕಲ್ಪ ಬೇಕೆನ್ನುವವರಿಗೆ ಹಿಡಿಯಲು ಬೇರೆ ವ್ರತಗಳಿವೆ. ಬೀಡಿ, ಸಿಗರೇಟನ್ನು ಕನಿಷ್ಠ ನಾಲ್ಕು ವಾರ ಮೊದಲು ಬಿಟ್ಟರೆ ಗಾಯ ಚೆನ್ನಾಗಿ ಕೂಡುತ್ತದೆ, ಕಫದ ತೊಂದರೆ ತಗ್ಗುತ್ತದೆ. ದಿನವೂ ನಡೆಯುವುದು, ದೀರ್ಘ ಉಸಿರಾಟ, ರಕ್ತಹೀನತೆಗೆ ಚಿಕಿತ್ಸೆ, ಸಕ್ಕರೆಯ ಹತೋಟಿ ಇವೂ ಅಷ್ಟೇ ನಿಷ್ಠೆ ಬೇಡುತ್ತವೆ, ಮತ್ತು ನಿಷ್ಠೆ ಕಲಿತವರಿಗೆ ಇವು ಹೊಸದಾಗಿ ಕಷ್ಟವೆನಿಸುವುದಿಲ್ಲ.

ಮುಹೂರ್ತದ ಮಾತು ಇಷ್ಟು ಗಂಭೀರವಲ್ಲ. ಮಂಡಿ ಬದಲಾವಣೆಯಂಥ ಮೊದಲೇ ಗೊತ್ತುಮಾಡುವ ಶಸ್ತ್ರಚಿಕಿತ್ಸೆಯನ್ನು ವೈದ್ಯರು ಒಪ್ಪಿದರೆ ಒಂದೆರಡು ದಿನ ಹಿಂದುಮುಂದು ಮಾಡಬಹುದು. ಒಡೆದ ಅಪೆಂಡಿಕ್ಸಿಗೆ ಪಂಚಾಂಗ ನೋಡಲಾಗದು. ರಾಹುಕಾಲವೆಂದು ಹೆದರುವವರು ನೆನೆಯಬೇಕಾದದ್ದೊಂದಿದೆ: ಬನಶಂಕರಿ ದೇಗುಲದಲ್ಲಿ ಜನ ನಿಂಬೆಹಣ್ಣಿನ ದೀಪ ಹಚ್ಚಿ ಅಮ್ಮನಿಗೆ ಮೊರೆಯಿಡುವುದು ಆ ಹೊತ್ತಿನಲ್ಲೇ.

ಚಿಕಿತ್ಸೆಯ ನಂತರವೂ ಇದೇ ತಕ್ಕಡಿ. ನಂಜು ಎಂದು ಮನೆಯವರು ಬಿಡಿಸುವ ಪದಾರ್ಥಗಳಲ್ಲಿ ಗಾಯ ಕೂಡಲು ಬೇಕಾದ ಪ್ರೋಟೀನ್ ಇರಬಹುದು. ಬಿಡಿಸುವ ಮೊದಲು ವೈದ್ಯರನ್ನು ಕೇಳಬೇಕು. ಮಲಗಿಯೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯವಿರುವುದರಿಂದ ವೈದ್ಯರು ಅನುಮತಿಸಿದ ಕೂಡಲೇ ಎದ್ದು ಓಡಾಡಬೇಕು. ಏಕಾದಶಿ ತಿಂಗಳಿಗೆ ಎರಡು ಬಾರಿ ಬರುತ್ತದೆ. ತೂಕ, ಹಸಿವು, ನಡಿಗೆ ಮರಳಿದ ಮೇಲೆ ವೈದ್ಯರನ್ನು ಕೇಳಿ, ಮೊದಲು ಫಲಾಹಾರದಿಂದ ಅದನ್ನು ಮತ್ತೆ ಹಿಡಿಯಬಹುದು.