ಖಾಲಿ ಬೆಂಚುಗಳ ಮುಂದೆ

ಶೈಕ್ಷಣಿಕ ವರ್ಷ ಮುಗಿಯುವ ಹೊತ್ತಿಗೆ ಕಾಲೇಜಿನ ಅಂಗಳವನ್ನು ಮೌನವೊಂದು ಆವರಿಸುತ್ತದೆ. ಹಾಸ್ಟೆಲಿನ ಮೆಟ್ಟಿಲುಗಳ ಮೇಲೆ ಪೆಟ್ಟಿಗೆಗಳೂ ಹಾಸಿಗೆಯ ಸುರುಳಿಗಳೂ ಸಾಲುಗಟ್ಟುತ್ತವೆ. ವಿದ್ಯಾರ್ಥಿಗಳ ಆತ್ಮಿಕ ಸೇವೆಗೆ ನೇಮಕಗೊಂಡ ಗುರುವು ಅಂದಿನ ಸಂಜೆ ಪ್ರಾರ್ಥನಾಲಯದ ಖಾಲಿ ಬೆಂಚುಗಳ ಮುಂದೆ ಕುಳಿತು ತನ್ನನ್ನೇ ಕೇಳಿಕೊಳ್ಳುತ್ತಾನೆ: ಈ ವರ್ಷ ನನ್ನ ಸೇವೆ ಫಲ ಕೊಟ್ಟಿತೇ?

ಹಲವು ವರ್ಷ ಆ ಸೇವೆಯಲ್ಲಿದ್ದ ನನಗೆ ಈ ಪ್ರಶ್ನೆ ಚೆನ್ನಾಗಿ ಪರಿಚಿತ. ಒಂದು ವರ್ಷ ಜೂನ್ ತಿಂಗಳಲ್ಲಿ ಅರವತ್ತು ಮಂದಿಯೊಡನೆ ಆರಂಭವಾದ ಶುಕ್ರವಾರದ ಪ್ರಾರ್ಥನಾಕೂಟದಲ್ಲಿ ಫೆಬ್ರವರಿಯ ಹೊತ್ತಿಗೆ ಏಳೆಂಟು ಮಂದಿ ಉಳಿದಿದ್ದರು. ಬಿತ್ತುವುದಷ್ಟೇ ನಮ್ಮ ಕೆಲಸ, ಬೆಳೆಸುವವನು ದೇವರು ಎಂದು ನಾನು ಸಮಾಧಾನ ಹೇಳಿಕೊಂಡೆ. ಸಂತ ಪೌಲರು ಕೊರಿಂಥದವರಿಗೆ ಬೋಧಿಸಿದ ಸತ್ಯವೇ ಅದು. ಆದರೆ ಸತ್ಯದ ನೆರಳಿನಲ್ಲಿಯೂ ಸೋಮಾರಿತನ ಅಡಗಿಕೊಳ್ಳಬಲ್ಲದು.

ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗನೊಬ್ಬ ನವೆಂಬರಿನಿಂದ ಕಾಣಿಸಿರಲಿಲ್ಲ. ಆಸಕ್ತಿ ಕಳೆದುಕೊಂಡಿರಬೇಕೆಂದು ನಾನೇ ತೀರ್ಮಾನಿಸಿದ್ದೆ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ನಿಜಸಂಗತಿ ತಿಳಿಯಿತು. ತಂದೆ ಹಾಸಿಗೆ ಹಿಡಿದಿದ್ದರು. ಅವನು ಶುಲ್ಕ ಕಟ್ಟುವುದಕ್ಕಾಗಿ ಸಂಜೆಯಿಂದ ನಡುರಾತ್ರಿಯವರೆಗೆ ಹೋಟೆಲೊಂದರಲ್ಲಿ ದುಡಿಯುತ್ತಿದ್ದ. ಐದು ತಿಂಗಳಲ್ಲಿ ಒಮ್ಮೆಯೂ ನಾನು ಅವನ ಕೋಣೆಯ ಬಾಗಿಲು ತಟ್ಟಿರಲಿಲ್ಲ.

ನಾಚಿಕೆಯಿಂದಲೇ ಅವನ ಊರಿಗೆ ಹೋದೆ. ಕ್ಷಮೆ ಕೇಳಿದಾಗ ಅವನು, "ಪರವಾಗಿಲ್ಲ ಫಾದರ್, ಪ್ರಾರ್ಥನಾಕೂಟದ ಗೆಳೆಯನೊಬ್ಬ ದಿನವೂ ನನಗಾಗಿ ಎಚ್ಚರವಿದ್ದು ಅಂದಿನ ಪಾಠ ಹೇಳಿಕೊಡುತ್ತಿದ್ದ" ಎಂದ. ಕೂಟದಲ್ಲಿ ಬಾಯಿಯನ್ನೇ ತೆರೆಯದ ಹುಡುಗ ಆ ಗೆಳೆಯ! ನನ್ನ ಲೆಕ್ಕದಲ್ಲಿ ಅವನು ಉಳಿದ ಏಳೆಂಟು ಮಂದಿಯಲ್ಲಿ ಒಬ್ಬ ಮಾತ್ರನಾಗಿದ್ದ.

ಸೋಲಿನಂತೆ ತೋರುವ ಸೇವೆಯ ಅನುಭವ ಸಂತ ಜಾನ್ ಹೆನ್ರಿ ನ್ಯೂಮನ್ನರಿಗೂ ಆಗಿತ್ತು. ಬೋಧಕನಿಗೆ ವಿದ್ಯಾರ್ಥಿಯ ಆತ್ಮಪಾಲನೆಯ ಹೊಣೆಯೂ ಇದೆಯೆಂದು ಅವರು ಆಕ್ಸ್‌ಫರ್ಡಿನಲ್ಲಿದ್ದಾಗಲೇ ನಂಬಿದ್ದರು. 1854ರಲ್ಲಿ ಡಬ್ಲಿನ್ ನಗರದಲ್ಲಿ ಆರಂಭವಾದ ಕಥೋಲಿಕ ವಿಶ್ವವಿದ್ಯಾನಿಲಯಕ್ಕೆ ಅವರೇ ಮೊದಲ ಮುಖ್ಯಸ್ಥರು. ಪದವಿ ನೀಡುವ ಅಧಿಕಾರವನ್ನು ಸರ್ಕಾರ ಕೊಡಲಿಲ್ಲ. ವಿದ್ಯಾರ್ಥಿಗಳ ಸಂಖ್ಯೆಯೂ ನಿರೀಕ್ಷಿಸಿದಷ್ಟು ಬೆಳೆಯಲಿಲ್ಲ. 1858ರಲ್ಲಿ ಅವರು ಆ ಹುದ್ದೆಯನ್ನು ತೊರೆದರು. ಆದರೆ ಅವರ ಅಲ್ಲಿನ ಉಪನ್ಯಾಸಗಳು ಗ್ರಂಥರೂಪದಲ್ಲಿ ಇಂದಿಗೂ ವಿದ್ವಾಂಸರನ್ನು ಚಿಂತನೆಗೆ ಹಚ್ಚುತ್ತಿವೆ. ಅವರು ತೀರಿಕೊಂಡ ಮೂರು ವರ್ಷಗಳ ಬಳಿಕ, 1893ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಕಥೋಲಿಕ ವಿದ್ಯಾರ್ಥಿಗಳು ತಮ್ಮ ಸಂಘಕ್ಕೆ ಅವರ ಹೆಸರನ್ನಿಟ್ಟರು. ಇಂದು ಹಲವು ದೇಶಗಳ ವಿದ್ಯಾರ್ಥಿ ಕೇಂದ್ರಗಳು ಆ ಹೆಸರನ್ನು ಹೊತ್ತಿವೆ. 2019ರಲ್ಲಿ ಸಂತರೆಂದೂ 2025ರ ನವೆಂಬರ್ 1ರಂದು ಧರ್ಮಸಭೆಯ ಪಂಡಿತರೆಂದೂ ಅವರು ಘೋಷಿತರಾದರು. ಡಬ್ಲಿನ್ನಿನಿಂದ ಮರಳಿದ ದಿನ ಇದಾವುದೂ ಅವರಿಗೆ ಗೋಚರಿಸಿರಲಾರದು.

ಹಾಗಾದರೆ ಪ್ರೋತ್ಸಾಹ ಎಲ್ಲಿಂದ ಬರಬೇಕು? ಹಾಜರಿಯ ಲೆಕ್ಕದಿಂದಲ್ಲ, ಲೆಕ್ಕವೇ ಬೇಡವೆನ್ನುವ ನೆಪದಿಂದಲೂ ಅಲ್ಲ. ಅವನ ಗೆಳೆಯನ ಪ್ರೀತಿ ನನ್ನ ತಪ್ಪನ್ನು ಅಳಿಸಲಿಲ್ಲ. ನನ್ನ ತಪ್ಪು ದೇವರ ಕೈಯನ್ನು ಕಟ್ಟಿಹಾಕಲೂ ಇಲ್ಲ. ಈ ಎರಡನ್ನೂ ಒಟ್ಟಿಗೆ ಒಪ್ಪಿಕೊಂಡಾಗ ಹುಟ್ಟುವುದೇ ನಿಜವಾದ ಧೈರ್ಯ. ಶುಭಸಂದೇಶದ ಕುರುಬನು ತೊಂಬತ್ತೊಂಬತ್ತು ಕುರಿಗಳಿಗೆ ತೃಪ್ತನಾಗದೆ ಹೊರಟದ್ದು, ಇಲ್ಲದ ಒಂದರ ಅರಿವು ಅವನಿಗೆ ಇದ್ದುದರಿಂದಲೇ ಅಲ್ಲವೇ?

ಪ್ರಿಯ ಹೆತ್ತವರೇ, ರಜೆಗೆಂದು ಮಕ್ಕಳು ಮನೆಗೆ ಬಂದಾಗ ಅಂಕಗಳನ್ನು ಕೇಳಿರಿ, ತಪ್ಪಿಲ್ಲ. ಜೊತೆಗೆ, "ಈ ವರ್ಷ ನಿನ್ನ ತರಗತಿಯಲ್ಲಿ ಯಾರು ಕಾಣದಾದರು, ಅವರನ್ನು ಯಾರು ವಿಚಾರಿಸಿದರು?" ಎಂದೂ ಕೇಳಿರಿ. ಆ ಪ್ರಶ್ನೆಯನ್ನು ನಾನು ಕಲಿತದ್ದು ತಡವಾಗಿ. ನಿಮ್ಮ ಮಕ್ಕಳು ಬೇಗನೆ ಕಲಿಯಲಿ.