ಎಲೆಯೂದುವ ಯಂತ್ರವೂ ಶ್ರಾವಕನ ವಿವೇಕವೂ

ಕಾರ್ತಿಕ ಅಮಾವಾಸ್ಯೆಯ ನಿರ್ವಾಣಪೂಜೆಯ ದಿನಗಳು ಅಮೆರಿಕೆಯ ನ್ಯೂಜೆರ್ಸಿಯಲ್ಲಿ ಎಲೆ ಉದುರುವ ದಿನಗಳೂ ಹೌದು. ಅಲ್ಲಿ ನೆಲೆಸಿರುವ ಜೈನ ಕುಟುಂಬಗಳ ಮನೆಯಂಗಳ, ಜಿನಮಂದಿರದ ಆವರಣ ಎರಡೂ ಮೇಪಲ್, ಓಕ್ ಎಲೆಗಳಿಂದ ಮುಚ್ಚಿಹೋಗುತ್ತವೆ. ಅವನ್ನು ಸರಿಸಲು ಕೈಯಲ್ಲಿ ಹಿಡಿಯುವ 'ಲೀಫ್ ಬ್ಲೋವರ್' ಎಂಬ ಯಂತ್ರವು ಅಲ್ಲಿ ಬಳಕೆಯಲ್ಲಿದೆ. ಯಾವುದನ್ನು ಕೊಳ್ಳಬೇಕೆಂಬುದು ಅಂಗಡಿಯವನಿಗೆ ಬಲದ ಮತ್ತು ಬೆಲೆಯ ಪ್ರಶ್ನೆ. ಅಣುವ್ರತಿಯಾದ ಶ್ರಾವಕನಿಗೆ ಅಷ್ಟೇ ಅಲ್ಲ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ವಿವರಿಸುತ್ತ, ನೆಲ, ನೀರು, ಬೆಂಕಿ, ಗಾಳಿಗಳನ್ನು ನಿಷ್ಪ್ರಯೋಜನವಾಗಿ ಕದಡುವುದನ್ನು ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ಗಾಳಿಯನ್ನು ಕೆರಳಿಸುವುದೇ ಈ ಯಂತ್ರದ ಕೆಲಸ; ಮೂತಿಯಿಂದ ಹೊರಡುವ ಗಾಳಿಯ ವೇಗವು ಗಂಟೆಗೆ 240 ಕಿಲೋಮೀಟರನ್ನು ಮೀರುವುದುಂಟು. ಆದರೆ ಆಚಾರ್ಯರ ಮಾತಿನ ಭಾರವಿರುವುದು 'ನಿಷ್ಪ್ರಯೋಜನ' ಎಂಬುದರ ಮೇಲೆ. ಮಳೆಗೆ ತೊಯ್ದ ಎಲೆಯ ಮೇಲೆ ವೃದ್ಧರು ಜಾರಿ ಬೀಳದಂತೆ ಮಂದಿರದ ಮೆಟ್ಟಿಲನ್ನು ಮೊದಲೇ ಶುಚಿಗೊಳಿಸುವುದು ಗೃಹಸ್ಥನಿಗೆ ಅನಿವಾರ್ಯವಾದ ಆರಂಭ. ಮರದಡಿಯ ಹುಲ್ಲಿನ ಮೇಲೆ ಒಂದೆಲೆಯೂ ಉಳಿಯಬಾರದೆಂಬ ಹಟವಾದರೋ ನೆರೆಯವರ ಕಣ್ಣಿಗಾಗಿ ಮಾತ್ರ.

ಆ ಎಲೆಗಳ ಅಡಿ ನಿರ್ಜೀವವಲ್ಲ. ಲೂನಾ ಎಂಬ ಹಸಿರು ಪತಂಗವು ಎಲೆಯನ್ನೇ ಸುತ್ತಿಕೊಂಡು ಗೂಡು ಕಟ್ಟಿ ಚಳಿಗಾಲವನ್ನು ಅಲ್ಲಿಯೇ ಕಳೆಯುತ್ತದೆ. ಆ ಗೂಡು ನೋಡುವವನಿಗೆ ಬರಿಯ ಒಣಗಿದೆಲೆ. ಮಿಂಚುಹುಳುವಿನ ಮರಿಗಳೂ ಎಲೆಯ ಪದರದಲ್ಲಿ, ಅದರ ಕೆಳಗಿನ ಮಣ್ಣಿನಲ್ಲಿ ಇರುತ್ತವೆ. ಹೀಗಿರುವಾಗ ಊದುವುದರ ಜೊತೆಗೆ ಎಲೆಯನ್ನು ಹೀರಿ, ಒಳಗಿನ ಅಲಗಿನಿಂದ ಚೂರುಚೂರಾಗಿಸಿ ಚೀಲಕ್ಕೆ ತುಂಬುವ ಯಂತ್ರಗಳೂ ಮಾರಾಟಕ್ಕಿವೆ. ಒಂದೇ ಬೆಲೆಗೆ ಎರಡು ಮೂರು ಉಪಯೋಗ! ವ್ಯಾಪಾರದ ದೃಷ್ಟಿಯಿಂದ ಲಾಭವೇ. ಶ್ರಾವಕನು ಮೊದಲು ಬಿಡಬೇಕಾದುದೂ ಅದನ್ನೇ. ಊದಿದ ಗೂಡು ಬೇರೆಡೆ ಬಿದ್ದಾದರೂ ಉಳಿದೀತು, ಅಲಗಿಗೆ ಸಿಕ್ಕಿದ್ದು ಉಳಿಯದು.

ಪೆಟ್ರೋಲಿನ ಯಂತ್ರವೋ ಬ್ಯಾಟರಿಯದೋ ಎಂಬುದಕ್ಕೆ ಹೆಚ್ಚು ಚರ್ಚೆ ಬೇಡ. ಎಣ್ಣೆ ಬೆರೆತ ಇಂಧನದಿಂದ ನಡೆಯುವ ಎರಡು ಸ್ಟ್ರೋಕಿನ ಎಂಜಿನು ಅದರ ಒಂದು ಭಾಗವನ್ನು ಉರಿಸದೆಯೇ ಹೊರಗೆ ಉಗುಳುತ್ತದೆ. ವಾಷಿಂಗ್ಟನ್ ನಗರವು 2022ರಿಂದ ಪೆಟ್ರೋಲಿನ ಯಂತ್ರಗಳನ್ನು ನಿಷೇಧಿಸಿದೆ. ವೇಗವನ್ನು ತಗ್ಗಿಸಬಲ್ಲ ಬ್ಯಾಟರಿ ಯಂತ್ರವನ್ನು ಕಲ್ಲುಹಾಸಿನ ಮೇಲೆ ಮಾತ್ರ ಬಳಸಿದರೆ ಸಾಕು; ಅಂಗಳ ಚಿಕ್ಕದಾದರೆ ಪೊರಕೆಯೇ ಸಾಕು.

ಕಠಿಣವಾದುದು ಮತ್ತೊಂದಿದೆ. ಅಲ್ಲಿ ಬಹಳ ಮಂದಿ ಯಂತ್ರವನ್ನು ತಾವು ಮುಟ್ಟುವುದೇ ಇಲ್ಲ, ಹುಲ್ಲುಹಾಸಿನ ಕೆಲಸವನ್ನು ಗುತ್ತಿಗೆಗೆ ಕೊಡುತ್ತಾರೆ. ಒಂದು ದಿನದಲ್ಲಿ ಅನೇಕ ಮನೆಗಳನ್ನು ಮುಗಿಸಬೇಕಾದ ಕೂಲಿಯವನು ಅತ್ಯಂತ ಬಲವಾದ ಯಂತ್ರವನ್ನೇ ಹಿಡಿಯುತ್ತಾನೆ. ಅದರ ಹೊಗೆ ಅವನ ಎದೆಗೆ, ಸದ್ದು ಅವನ ಕಿವಿಗೆ. ಕೃತ, ಕಾರಿತ, ಅನುಮೋದನ ಎಂದು ಮೂರು ದ್ವಾರಗಳನ್ನು ಹೇಳಿರುವ ಶಾಸ್ತ್ರವು ಹಣ ಕೊಟ್ಟವನನ್ನು ಹೊರಗಿರಿಸಿಲ್ಲ. ಮಂದಿರದ ಟ್ರಸ್ಟಿಗಳು ಗುತ್ತಿಗೆಪತ್ರದಲ್ಲಿ ಯಂತ್ರ ಯಾವುದು, ಎಲ್ಲಿ ಮಾತ್ರ ಬಳಸಬೇಕು, ಮರದಡಿಯ ಎಲೆಯನ್ನು ವಸಂತದವರೆಗೆ ಮುಟ್ಟಬಾರದು ಎಂದು ಬರೆಸಬಹುದು. ಕೆಲಸಕ್ಕೆ ಹೆಚ್ಚು ಗಂಟೆ ಹಿಡಿಯುವುದರಿಂದ ಕೂಲಿಯೂ ಹೆಚ್ಚಾದೀತು. ಆ ಹೆಚ್ಚಳವನ್ನು ನಿರ್ವಹಣಾ ವೆಚ್ಚಕ್ಕೆ ಸೇರಿಸದೆ ಜೀವದಯೆಯ ಖಾತೆಗೆ ಬರೆದರೆ ಲೆಕ್ಕಪರಿಶೋಧಕರೂ ಆಕ್ಷೇಪಿಸಲಾರರು.