ಗ್ರಾಂಶಿ ಮತ್ತು ಗಡಿಜಿಲ್ಲೆಯ ಬಿ.ಎ.

ಚಾಮರಾಜನಗರ, ಗುಂಡ್ಲುಪೇಟೆ ಕಡೆ ಪಿಯುಸಿ ಮುಗಿಸಿ ಬಿ.ಎ. ಸೇರುವ ಮಕ್ಕಳ ಬಾಯಲ್ಲಿ ಹೆಚ್ಚಾಗಿ ಕೇಳುವುದು ಎಚ್‌ಇಪಿ, ಎಚ್‌ಇಕೆ. ಇತಿಹಾಸ, ಅರ್ಥಶಾಸ್ತ್ರ ಈ ಎರಡೂ ವಿಷಯಗುಂಪುಗಳಲ್ಲಿ ಉಂಟು. ಮೂರನೆಯ ವಿಷಯಕ್ಕೆ ಬಂದಾಗ ದಾರಿ ಕವಲೊಡೆಯುತ್ತದೆ. ಕೆಎಎಸ್ ಬರೆಯುವ ಆಸೆಯವರು ರಾಜ್ಯಶಾಸ್ತ್ರಕ್ಕೆ, ಮೇಷ್ಟರಾಗುವ ಆಸೆಯವರು ಐಚ್ಛಿಕ ಕನ್ನಡಕ್ಕೆ. ಬೇರೆ ಜಿಲ್ಲೆಗಳ ಮಾತು ಹೇಗೋ, ಈ ಗಡಿಜಿಲ್ಲೆಯಲ್ಲಿ ಭಾಷೆಯನ್ನೂ ರಾಜಕೀಯವನ್ನೂ ಹೀಗೆ ಬೇರೆ ಬೇರೆ ಕೊಠಡಿಗಳಲ್ಲಿ ಕೂರಿಸುವುದು ದೊಡ್ಡ ನಷ್ಟ.

ಬ್ರಿಟನ್ನಿನ ಕೆಲವು ವಿಶ್ವವಿದ್ಯಾಲಯಗಳಲ್ಲಿ ಇಟಾಲಿಯನ್ ಭಾಷೆ ಮತ್ತು ರಾಜಕೀಯವನ್ನು ಒಂದೇ ಪದವಿಯಾಗಿ ಓದಬಹುದು. ಆ ಜೋಡಿಗೆ ಅರ್ಥವಿದೆ. 1861ರಲ್ಲಿ ಇಟಲಿ ಒಂದು ರಾಜ್ಯವಾದಾಗ ಅಲ್ಲಿನ ಬಹುಪಾಲು ಜನ ಮನೆಯಲ್ಲಿ ಆಡುತ್ತಿದ್ದದ್ದು ತಂತಮ್ಮ ಸೀಮೆಯ ನುಡಿ. ಇಟಾಲಿಯನ್ ಅವರಿಗೆ ಶಾಲೆಯಿಂದ, ಸೈನ್ಯದಿಂದ, ಕಚೇರಿಯಿಂದ ಬಂತು. ಸಾರ್ಡೀನಿಯಾ ದ್ವೀಪದ ಬಡ ಹುಡುಗ ಆಂಟೋನಿಯೊ ಗ್ರಾಂಶಿ 1911ರಲ್ಲಿ ವಿದ್ಯಾರ್ಥಿವೇತನ ಪಡೆದು ಟ್ಯೂರಿನ್ ವಿಶ್ವವಿದ್ಯಾಲಯ ಸೇರಿದಾಗ ಮನಸ್ಸಿಟ್ಟು ಓದಿದ್ದು ಭಾಷಾವಿಜ್ಞಾನವನ್ನು, ಮತ್ತೇವೊ ಬಾರ್ತೋಲಿ ಎಂಬ ಗುರುವಿನ ಬಳಿ. ಪದವಿ ಪೂರೈಸಲಿಲ್ಲ, ರಾಜಕೀಯಕ್ಕೆ ಇಳಿದ. 1926ರಲ್ಲಿ ಮುಸೊಲಿನಿಯ ಸರ್ಕಾರ ಆತನನ್ನು ಬಂಧಿಸಿತು. ಮರುವರ್ಷ ಸೆರೆಯಿಂದ ತಂಗಿಗೆ ಬರೆದ ಕಾಗದದಲ್ಲಿ, ಮಗು ಸಾರ್ಡೀನಿಯಾದ ಮಾತನ್ನೇ ಆಡಲಿ, ತಡೆಯಬೇಡ ಎಂದು ಕಳಕಳಿಯಿಂದ ಹೇಳಿದ. ಸೆರೆಮನೆಯ ಕೊನೆಯ ಟಿಪ್ಪಣಿ ಪುಸ್ತಕವನ್ನು, 1935ರಲ್ಲಿ, ವ್ಯಾಕರಣಕ್ಕೆ ಮೀಸಲಿಟ್ಟ. ಭಾಷೆಯ ಪ್ರಶ್ನೆ ಏಳುತ್ತಿದೆ ಎಂದರೆ ಆಳುವವರ ಮತ್ತು ಜನರ ಸಂಬಂಧ ಹೊಸದಾಗಿ ರೂಪುಗೊಳ್ಳುತ್ತಿದೆ ಎಂಬುದು ಆತ ಕಂಡುಕೊಂಡ ವಿಚಾರ.

ಈ ಮಾತನ್ನು ನಮ್ಮ ಜಿಲ್ಲೆಯಷ್ಟು ಚೆನ್ನಾಗಿ ತೋರಿಸುವ ನೆಲ ಕರ್ನಾಟಕದಲ್ಲಿ ಕಡಿಮೆ. ಚಾಮರಾಜನಗರ, ಗುಂಡ್ಲುಪೇಟೆ ಮೈಸೂರು ಅರಸರ ಸೀಮೆ. ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಭಾಷೆಯ ಆಧಾರದ ಮೇಲೆ ಕೊಳ್ಳೇಗಾಲ ಈ ಕಡೆ ಬಂತು. ಕನ್ನಡ ಮಾತನಾಡುವ ತಾಳವಾಡಿಯ ಹಳ್ಳಿಗಳು ಆ ಕಡೆಯೇ ಉಳಿದವು. ಗೋಕಾಕ್ ಚಳವಳಿಯ ಮುಂದಾಳಾಗಿ ನಿಂತ ರಾಜ್‌ಕುಮಾರ್ ಅವರ ಗಾಜನೂರು ಇಂದು ತಮಿಳುನಾಡಿನ ಈರೋಡ್ ಜಿಲ್ಲೆಯ ಊರು! ಅದೇ 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯಲು ಅನುಕೂಲ ಮಾಡಿಕೊಡಬೇಕೆಂದು ಅದು ಹೇಳುತ್ತದೆ. ಮುಂದೆ 2006ರಲ್ಲಿ ತಮಿಳುನಾಡು ಶಾಲೆಗಳಲ್ಲಿ ತಮಿಳು ಕಡ್ಡಾಯ ಮಾಡಿ ಕಾಯ್ದೆ ತಂದಿತು, 2015ರಲ್ಲಿ ಕರ್ನಾಟಕ ಕನ್ನಡ ಕಡ್ಡಾಯ ಮಾಡಿ ಕಾಯ್ದೆ ತಂದಿತು. ತಾಳವಾಡಿಯ ಕನ್ನಡದ ಮಗುವಿನ ಪರ ವಾದಿಸುವ ನಾವು ಕೊಳ್ಳೇಗಾಲದ ತಮಿಳು ಮನೆಯ ಮಗುವಿಗೂ ಅದೇ ನ್ಯಾಯ ಅನ್ವಯಿಸುತ್ತೇವೆಯೇ? ಭಾಷೆ, ರಾಜಕೀಯ ಎರಡನ್ನೂ ಓದಿದವರು ಮಾತ್ರ ಈ ಪ್ರಶ್ನೆಯ ಎರಡೂ ಮಗ್ಗುಲು ನೋಡಬಲ್ಲರು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರದು ಇನ್ನೂ ಗಟ್ಟಿಯಾದ ಉದಾಹರಣೆ. ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅವರಿಗೆ ಸಮುದಾಯ ಹಕ್ಕು ದಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ದಕ್ಕಿದ್ದು ದೇಶದಲ್ಲೇ ಮೊದಲು. ಆ ಹೋರಾಟದ ಹಾದಿಯಲ್ಲಿ ಹಿರಿಯರು ಕಾಡಿನೊಳಗೆ ನಡೆದು, ಕುಲದ ಎಲ್ಲೆ, ದೇವರ ತಾಣ, ಮಾರಮ್ಮನ ಜಾಗ, ಅಬ್ಬಿ ಎಂದು ತಮ್ಮ ನುಡಿಯ ಹೆಸರುಗಳಿಂದಲೇ ತೋರಿಸಿದ ತಾಣಗಳನ್ನು ನಕ್ಷೆಗೆ ಏರಿಸಲಾಯಿತು. ತಲೆಮಾರುಗಳಿಂದ ಇಲ್ಲಿದ್ದೇವೆ ಎಂಬುದಕ್ಕೆ ಸರ್ಕಾರದ ಕಾಗದವಿಲ್ಲದವರಿಗೆ ಊರು-ಕೇರಿ, ಗುಡ್ಡ-ಹಳ್ಳದ ಹೆಸರೇ ಸಾಕ್ಷಿ. ಇದನ್ನು ಭಾಷಾವಿಜ್ಞಾನ ಎನ್ನುವುದೋ ರಾಜ್ಯಶಾಸ್ತ್ರ ಎನ್ನುವುದೋ?

ಸುವರ್ಣಗಂಗೋತ್ರಿಯ ಸ್ನಾತಕೋತ್ತರ ಕೇಂದ್ರ ಈಗ ಚಾಮರಾಜನಗರ ವಿಶ್ವವಿದ್ಯಾಲಯವಾಗಿದೆ. 2025ರಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಬಂದಾಗ ಈ ಹೆಸರೂ ಅದರಲ್ಲಿತ್ತು. ಇಂಥ ಸಂಸ್ಥೆ ತನ್ನ ನೆಲದಲ್ಲಷ್ಟೇ ಓದಲು ಸಾಧ್ಯವಾದದ್ದನ್ನು ಕಲಿಸಲಿ ಎಂಬುದು ನನ್ನ ಆಸೆ. ಕನ್ನಡ ವಿಭಾಗ, ರಾಜ್ಯಶಾಸ್ತ್ರ ವಿಭಾಗ ಕೂಡಿ ಒಂದು ಪತ್ರಿಕೆ ರೂಪಿಸಲಿ. ಕೊನೆಯ ಸೆಮಿಸ್ಟರಿನ ಮಕ್ಕಳನ್ನು ತಾಳವಾಡಿಯ ಶಾಲೆಗಳಿಗೆ, ಬೆಟ್ಟದ ಸೋಲಿಗರ ಪೋಡುಗಳಿಗೆ, ಕೇರಳದ ವ್ಯಾಪಾರಿಗಳು ಬರುವ ಗುಂಡ್ಲುಪೇಟೆಯ ಮಾರುಕಟ್ಟೆಗೆ ಕಳಿಸಲಿ. ಮೊದಲು ಕಳಿಸಬೇಕಾದದ್ದು ಕೊಳ್ಳೇಗಾಲಕ್ಕೆ. ಕೊಯಮತ್ತೂರು ಜಿಲ್ಲೆಯ ದಿನಗಳ ನೆನಪಿರುವವರು ಈಗ ಎಂಬತ್ತರ ಆಚೀಚೆಯವರು. ಅವರನ್ನು ಈ ವರ್ಷವೇ ಮಾತನಾಡಿಸಿ ಬರೆದಿಟ್ಟುಕೊಳ್ಳಬೇಕು.